ಕುರ್ಚಿ ಬಿಡುವವರ ಲೆಕ್ಕಾಚಾರ

2023ರ ಏಪ್ರಿಲ್. ವಿಧಾನಸಭೆ ಚುನಾವಣೆಗೆ ಬಿಜೆಪಿಯ ಟಿಕೆಟ್ ಪಟ್ಟಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಊರೂರಲ್ಲಿ ಕಾಯುತ್ತಿದ್ದ ದಿನಗಳು. ಶಿವಮೊಗ್ಗದ ಕೆ.ಎಸ್. ಈಶ್ವರಪ್ಪ ಪಕ್ಷದ ರಾಷ್ಟ್ರೀಯ ಅಧ್ಯಕ್ಷರಿಗೆ ಒಂದು ಪುಟ್ಟ ಪತ್ರ ಬರೆದರು. ಸ್ವಇಚ್ಛೆಯಿಂದ ಚುನಾವಣಾ ರಾಜಕಾರಣದಿಂದ ನಿವೃತ್ತನಾಗುತ್ತಿದ್ದೇನೆ, ಯಾವ ಕ್ಷೇತ್ರಕ್ಕೂ ನನ್ನ ಹೆಸರು ಪರಿಗಣಿಸಬೇಡಿ ಎಂದು ಕೋರಿದ ಪತ್ರ ಅದು. ಅದೇ ವಾರ ಹುಬ್ಬಳ್ಳಿಯಲ್ಲಿ ಜಗದೀಶ ಶೆಟ್ಟರ್ ಅವರಿಗೆ ವರಿಷ್ಠರಿಂದ ಫೋನ್ ಬಂತು, ಈ ಸಲ ಬೇರೆಯವರಿಗೆ ದಾರಿ ಬಿಡಿ ಎಂದು. ಆರು ಸಲ ಗೆದ್ದವನಿಗೆ, ಮುಖ್ಯಮಂತ್ರಿಯಾಗಿದ್ದವನಿಗೆ ಕೊನೆ ಗಳಿಗೆಯಲ್ಲಿ ಹೇಳುವ ಮಾತೇ ಇದು ಎಂದು ಸಿಡಿದ ಶೆಟ್ಟರ್ ಪಕ್ಷ ಬಿಟ್ಟು ಕಾಂಗ್ರೆಸ್ ಸೇರಿಬಿಟ್ಟರು.

ಆ ವಾರದ ಮಾತುಕತೆಯಲ್ಲಿ ಒಬ್ಬರು ತ್ಯಾಗಿ, ಇನ್ನೊಬ್ಬರು ಅಧಿಕಾರದಾಹಿ. ಈಶ್ವರಪ್ಪನವರಿಗೆ ಪ್ರಧಾನಿಯೇ ವಿಡಿಯೊ ಕರೆ ಮಾಡಿ ಶಹಬ್ಬಾಸ್ ಹೇಳಿದ್ದನ್ನು ಎಲ್ಲ ವಾಹಿನಿಗಳೂ ತೋರಿಸಿದವು. ಒಂದು ವರ್ಷ ಕಳೆಯಿತು. ಲೋಕಸಭೆ ಚುನಾವಣೆಗೆ ಹಾವೇರಿಯ ಟಿಕೆಟ್ ಮಗನಿಗೆ ಸಿಗಲಿಲ್ಲ ಎಂದು ಮುನಿದ ಈಶ್ವರಪ್ಪ ಶಿವಮೊಗ್ಗದಲ್ಲಿ ಪಕ್ಷೇತರರಾಗಿ ನಿಂತರು, ಪಕ್ಷದಿಂದ ಉಚ್ಚಾಟಿತರಾದರು, ಸೋತರು. ಶೆಟ್ಟರ್ ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಸೋತು, ಕಾಂಗ್ರೆಸ್ಸಿನಿಂದ ಮೇಲ್ಮನೆ ಸೇರಿ, ಅದನ್ನೂ ಬಿಟ್ಟು ಬಿಜೆಪಿಗೆ ಮರಳಿ ಬೆಳಗಾವಿಯಿಂದ ಸಂಸದರಾಗಿದ್ದರು. ಪತ್ರ ಬರೆದ ದಿನ ಬಾಯ್ತುಂಬ ಹೊಗಳಿದವರೂ ಫೋನ್ ಬಂದ ದಿನ ಬೈದವರೂ ಆಮೇಲೆ ತೆಪ್ಪಗಾದರು.

ಹಳೆಯ ಹುಲಿಯೊಂದು ತಾನಾಗಿ ಅಧಿಕಾರ ಬಿಡಲು ಏನು ಕಾರಣ? ಸಾಮಾನ್ಯವಾಗಿ ಸಿಗುವ ಉತ್ತರ ವಯಸ್ಸು, ಆರೋಗ್ಯ, ಯುವಕರಿಗೆ ಅವಕಾಶ. ಈ ಮೂರೂ ಸುಳ್ಳಲ್ಲ. ಆದರೆ ಬಿಟ್ಟವರ, ಬಿಡದವರ, ಬಿಟ್ಟು ಮತ್ತೆ ಹಿಡಿದವರ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ತನ್ನ ನಂತರ ಯಾರು ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಸಿಕ್ಕಾಗ ಹಿರಿಯ ರಾಜಕಾರಣಿ ಹೊರಡುತ್ತಾನೆ. ಅದು ಸಿಗುವ ತನಕ ಗಾಲಿಕುರ್ಚಿಯಲ್ಲಿ ಕೂತಾದರೂ ಪ್ರಚಾರಕ್ಕೆ ಬರುತ್ತಾನೆ. ಸಿಕ್ಕಿತು ಎಂದು ನಂಬಿ ಹೊರಟ ಮೇಲೆ ಅದು ಕೈತಪ್ಪಿದರೆ, ಕೊಟ್ಟ ಮಾತನ್ನು ವಾಪಸು ಪಡೆಯುತ್ತಾನೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ವಿಧಾನಸಭೆಗೂ ಲೋಕಸಭೆಗೂ ನಿಲ್ಲಲು ಕನಿಷ್ಠ 25 ವರ್ಷ ತುಂಬಿರಬೇಕು, ಮೇಲ್ಮನೆಗಳಿಗೆ 30. ಗರಿಷ್ಠ ಎಂಬುದನ್ನು ಸಂವಿಧಾನ ಹೇಳಿಲ್ಲ. ರಾಜ್ಯ ಸರ್ಕಾರಿ ನೌಕರ 60ಕ್ಕೆ ಮನೆಗೆ ಹೋಗಬೇಕು, ಹೈಕೋರ್ಟ್ ನ್ಯಾಯಮೂರ್ತಿ 62ಕ್ಕೆ, ಸುಪ್ರೀಂ ಕೋರ್ಟಿನವರು 65ಕ್ಕೆ. ಕಡತಕ್ಕೆ ಸಹಿ ಹಾಕುವ ಮಂತ್ರಿಗೆ ಎಂಬತ್ತಾಗಿದ್ದರೂ ಕೇಳುವಂತಿಲ್ಲ. ಇದು ಅನ್ಯಾಯ, ರಾಜಕಾರಣಿಗೂ ವಯೋಮಿತಿ ಬೇಕು ಎಂಬ ಕೂಗು ಆಗಾಗ ಏಳುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ತೊಂಬತ್ತು ದಾಟಿದ ಶಾಮನೂರು ಶಿವಶಂಕರಪ್ಪನವರನ್ನು 2023ರಲ್ಲಿ ದಾವಣಗೆರೆ ದಕ್ಷಿಣದ ಜನ ಮತ್ತೆ ಆರಿಸಿದರು. ಅವರ ವಯಸ್ಸು ಗೊತ್ತಿಲ್ಲದೆ ಯಾರೂ ಮತ ಹಾಕಲಿಲ್ಲ. ನೌಕರನನ್ನು ನೇಮಿಸುವುದು ಸರ್ಕಾರ, ಆದ್ದರಿಂದ ನಿವೃತ್ತಿ ಮಾಡಿಸುವ ಹಕ್ಕೂ ಅದಕ್ಕಿದೆ. ಶಾಸಕನ ವಿಷಯದಲ್ಲಿ ಆ ಹಕ್ಕು ಮತದಾರನದು. ಬಿಜೆಪಿ ತನ್ನೊಳಗೆ 75ರ ಗೆರೆಯೊಂದನ್ನು ಎಳೆದುಕೊಂಡಿತು. ಗುಜರಾತಿನಲ್ಲಿ ಆನಂದಿಬೆನ್ ಪಟೇಲ್ 2016ರಲ್ಲಿ ಅದನ್ನೇ ಹೇಳಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು. 2019ರಲ್ಲಿ ಗಾಂಧಿನಗರದ ಟಿಕೆಟ್ ಅಡ್ವಾಣಿಯವರ ಕೈಬಿಟ್ಟಿತು. ಅದೇ ವರ್ಷ ಕರ್ನಾಟಕದಲ್ಲಿ 76 ತುಂಬಿದ ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಬೇಕಾದಾಗ ಗೆರೆ, ಬೇಡವಾದಾಗ ಬರೀ ನೀರಿನ ಮೇಲಿನ ಬರಹ.

ವಯಸ್ಸಿನ ಕಾರಣ ಅತ್ಯಂತ ನೇರವಾಗಿ, ಯಾವ ರಂಪವೂ ಇಲ್ಲದೆ ಬಂದದ್ದು ಎಸ್.ಎಂ. ಕೃಷ್ಣ ಅವರಿಂದ. 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದು ಬಂದವರು, ಮುಖ್ಯಮಂತ್ರಿ, ಮಹಾರಾಷ್ಟ್ರದ ರಾಜ್ಯಪಾಲ, ವಿದೇಶಾಂಗ ಸಚಿವ ಎಲ್ಲ ಆಗಿ, 2023ರ ಜನವರಿಯಲ್ಲಿ ಸಕ್ರಿಯ ರಾಜಕಾರಣ ಸಾಕು ಎಂದರು. ತೊಂಬತ್ತರವನು ಐವತ್ತರವನ ಹಾಗೆ ಓಡಾಡಲು ಆಗುವುದಿಲ್ಲವಲ್ಲ ಎಂಬ ಧಾಟಿಯ ಅವರ ಮಾತಿನಲ್ಲಿ ಕಹಿ ಇರಲಿಲ್ಲ. ಆದರೆ ಕೃಷ್ಣ ಅವರ ನಿಜವಾದ ನಿರ್ಗಮನ ಅದಲ್ಲ. ಅದು ಆರು ವರ್ಷ ಮೊದಲು, 2017ರ ಜನವರಿಯಲ್ಲಿ, ಸುಮಾರು ಅರ್ಧ ಶತಮಾನದ ಕಾಂಗ್ರೆಸ್ ನಂಟು ಕಡಿದುಕೊಂಡಾಗ ನಡೆದಿತ್ತು. ಅನುಭವಿಗಳ ಮಾತಿಗೆ ಅಲ್ಲಿ ಬೆಲೆ ಉಳಿದಿಲ್ಲ ಎಂಬ ನೋವು ಅವತ್ತು ಬಹಿರಂಗವಾಗಿಯೇ ಬಂದಿತ್ತು. 84ರ ವಯಸ್ಸಿನಲ್ಲಿ ಇನ್ನೊಂದು ಪಕ್ಷ ಸೇರಲು ಅಡ್ಡಿಯಾಗದ ವಯಸ್ಸು 90ರಲ್ಲಿ ಅಡ್ಡಿಯಾಯಿತು. ದೇಹ ಯಾರಿಗೂ ನಿರ್ದಿಷ್ಟ ತಾರೀಖಿನ ನೋಟಿಸ್ ಕೊಡುವುದಿಲ್ಲ. ನಡೆಯಲು ಆಗದಿದ್ದರೆ ಊರುಗೋಲು ಇದೆ, ಕೂಗಲು ಆಗದಿದ್ದರೆ ಮೈಕ್ ಇದೆ. ವಯಸ್ಸು ಹೇಳಿ ಹೊರಡುವವರು ಆ ವಯಸ್ಸಿಗೆ ಮುಟ್ಟಿ ಎಷ್ಟು ವರ್ಷವಾಗಿತ್ತು ಎಂಬುದನ್ನೂ ಗಮನಿಸಬೇಕು.

ಇಷ್ಟಕ್ಕೂ ಅವರು ಬಿಡಬೇಕಾದ್ದು ಏನನ್ನು? ಬರೀ ಕುರ್ಚಿಯನ್ನಲ್ಲ. ಯಾವುದೇ ಹಿರಿಯ ನಾಯಕನ ಮನೆಯ ಮುಂದೆ ಬೆಳಗಿನ ಏಳೂವರೆಗೆ ಹೋಗಿ ನಿಲ್ಲಿ. ಗೇಟಿನಾಚೆ ಆಗಲೇ ಜನ. ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿಟ್ಟ ಅರ್ಜಿ ಹಿಡಿದ ಮೇಷ್ಟ್ರಿಗೆ ಹೆಂಡತಿಯ ಊರಿಗೆ ವರ್ಗಾವಣೆ ಆಗಬೇಕು. ಸಮುದಾಯ ಭವನಕ್ಕೆ ಅನುದಾನ ಕೇಳಲು ಬಂದ ಸಂಘದವರ ಕೈಯಲ್ಲಿ ಹಾರ, ಶಾಲು, ಮೈಸೂರು ಪೇಟ. ಬಿಲ್ ಪಾಸಾಗದ ಗುತ್ತಿಗೆದಾರ ಸ್ವಲ್ಪ ದೂರದಲ್ಲಿ ಕಾರಿನಲ್ಲೇ ಕೂತಿದ್ದಾನೆ. ಆಸ್ಪತ್ರೆಯ ಚೀಟಿ ಹಿಡಿದ ಮುದುಕಿಯನ್ನು ಗನ್‌ಮ್ಯಾನ್ ಮೊದಲು ಒಳಗೆ ಬಿಡುತ್ತಾನೆ. ಪಿಎ ಎರಡು ಫೋನ್ ಹಿಡಿದು, ಒಂದರಲ್ಲಿ ತಹಶೀಲ್ದಾರರಿಗೆ ಸಾಹೇಬ್ರು ಹೇಳಿದ್ದಾರೆ ಎನ್ನುತ್ತಾ ಇನ್ನೊಂದರಲ್ಲಿ ಸಾಹೇಬ್ರು ಪೂಜೆಯಲ್ಲಿದ್ದಾರೆ ಎನ್ನುತ್ತಿರುತ್ತಾನೆ. ಸಾಹೇಬರು ಒಳಗೆ ಬನಿಯನ್ನಿನಲ್ಲಿ ಪೇಪರ್ ಓದುತ್ತಿರುತ್ತಾರೆ.

ಈ ಅಂಗಳ ನಲವತ್ತು ವರ್ಷ ಹೀಗೇ ನಡೆದಿದೆ. ನಾನಿನ್ನು ಸಾಕು ಎಂದು ಅವರು ಒಂದು ದಿನ ಬಾಯಿ ಬಿಟ್ಟರೆ ಮೊದಲು ಅಡ್ಡ ಬರುವುದು ಇದೇ ಅಂಗಳ. ನೀವು ಬಿಟ್ಟರೆ ನಮ್ಮ ಗತಿ ಏನು ಸ್ವಾಮಿ ಎಂಬ ಮಾತಿನಲ್ಲಿ ಭಕ್ತಿ ಎಷ್ಟು, ಭಯ ಎಷ್ಟು ಎಂದು ಬೇರೆ ಮಾಡುವುದು ಕಷ್ಟ. ತಾಲ್ಲೂಕು ಮಟ್ಟದ ಮುಖಂಡನ ಮರ್ಯಾದೆ, ನಿಗಮ ಮಂಡಳಿಯ ಸದಸ್ಯತ್ವ ಕಾಯುತ್ತಿರುವವನ ಭವಿಷ್ಯ, ಎದುರಾಳಿ ಪಕ್ಷದವರ ಜತೆ ಹಗೆ ಕಟ್ಟಿಕೊಂಡವನ ಸುರಕ್ಷತೆ, ಎಲ್ಲವೂ ಆ ಒಬ್ಬ ಮುದುಕನ ಹೆಸರಿಗೆ ಜೋತುಬಿದ್ದಿರುತ್ತವೆ. ಅಧಿಕಾರದ ಹಪಾಹಪಿ ಎಂದು ನಾವು ಹೊರಗಿನಿಂದ ಬೈಯುವುದರಲ್ಲಿ ಅರ್ಧಪಾಲು ಈ ಅವಲಂಬಿತರ ಒತ್ತಾಯ. ಉಳಿದರ್ಧ ಹಪಾಹಪಿಯೇ, ಅನುಮಾನ ಬೇಡ. ಈ ಅಂಗಳವನ್ನು ಯಾರಿಗಾದರೂ ವಹಿಸಿಕೊಡದೆ ಎದ್ದು ಹೋಗುವುದು ಅವರ ಲೆಕ್ಕದಲ್ಲಿ ನಿವೃತ್ತಿ ಅನ್ನಿಸಿಕೊಳ್ಳುವುದಿಲ್ಲ, ನಂಬಿದವರನ್ನು ನಡುನೀರಲ್ಲಿ ಕೈಬಿಟ್ಟಂತೆ.

ಬಿ.ಎಸ್. ಯಡಿಯೂರಪ್ಪನವರ ಎರಡು ನಿರ್ಗಮನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2011ರ ಜುಲೈ ಕೊನೆಯಲ್ಲಿ, ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ಬಳಿಕ ಅವರು ರಾಜೀನಾಮೆ ಕೊಡಬೇಕಾಯಿತು. ಆಗ ತಮ್ಮ ಜಾಗಕ್ಕೆ ತಾವೇ ಬೆಂಬಲಿಸಿ ತಂದದ್ದು ಡಿ.ವಿ. ಸದಾನಂದಗೌಡರನ್ನು. ಗೌಡರು ಸ್ವಂತ ಬುದ್ಧಿಯಿಂದ ಆಡಳಿತ ನಡೆಸಲು ಹೊರಟದ್ದೇ ಸಂಬಂಧ ಹಳಸಿತು. ವರ್ಷ ತುಂಬುವುದರೊಳಗೆ ಅವರನ್ನು ಇಳಿಸಿ ಶೆಟ್ಟರ್ ಅವರನ್ನು ಕೂರಿಸಲಾಯಿತು. ಅದೂ ಸಾಲದೆ ಯಡಿಯೂರಪ್ಪ 2012ರ ಕೊನೆಗೆ ಪಕ್ಷವನ್ನೇ ಬಿಟ್ಟು ಕೆಜೆಪಿ ಕಟ್ಟಿದರು. 2013ರ ಚುನಾವಣೆಯಲ್ಲಿ ಕೆಜೆಪಿ ಗೆದ್ದದ್ದು ಆರೇ ಸ್ಥಾನ, ಆದರೆ ಬಿಜೆಪಿಯನ್ನು 40ಕ್ಕೆ ಇಳಿಸಿಬಿಟ್ಟಿತು. ಕುರ್ಚಿ ಬಿಟ್ಟರೂ ಕೀಲಿಕೈ ತನ್ನ ಸೊಂಟದಲ್ಲೇ ಇರಬೇಕು ಎಂದುಕೊಂಡವನ ಕೈಯಿಂದ ಕೀಲಿಕೈಯೂ ಹೋದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ನಮ್ಮ ರಾಜ್ಯದಲ್ಲಿ ಸಿಗಲಾರದು.

ಹತ್ತು ವರ್ಷದ ನಂತರ, 2021ರ ಜುಲೈ 26. ಸರ್ಕಾರಕ್ಕೆ ಎರಡು ವರ್ಷ ತುಂಬಿದ ಸಂಭ್ರಮದ ಸಭೆ ವಿಧಾನಸೌಧದಲ್ಲಿ ನಡೆಯುತ್ತಿದೆ. ಸಾಧನೆಗಳ ಪಟ್ಟಿ ಓದಬೇಕಾದ ಮುಖ್ಯಮಂತ್ರಿ ಹಳೆಯ ದಿನಗಳಿಗೆ ಜಾರುತ್ತಾರೆ. ವಾಜಪೇಯಿ ಕೇಂದ್ರಕ್ಕೆ ಕರೆದಾಗ ಹೋಗದೆ ರಾಜ್ಯದಲ್ಲೇ ಪಕ್ಷ ಕಟ್ಟುತ್ತೇನೆ ಎಂದಿದ್ದನ್ನು, ಜೀವನಪೂರ್ತಿ ಅಗ್ನಿಪರೀಕ್ಷೆಯೇ ಆಯಿತು ಎಂಬುದನ್ನು ಹೇಳುತ್ತಾ ಗಂಟಲು ಕಟ್ಟುತ್ತದೆ. ಊಟ ಮುಗಿಸಿ ರಾಜಭವನಕ್ಕೆ ಹೋಗಿ ರಾಜೀನಾಮೆ ಕೊಡುತ್ತೇನೆ ಎಂದು ಅಲ್ಲೇ ಘೋಷಿಸುತ್ತಾರೆ. ಅವರ ಕಣ್ಣೀರು ನಿಜ. ಯಾರೂ ಒತ್ತಡ ಹಾಕಿಲ್ಲ ಎಂಬ ಮಾತನ್ನು ಎಷ್ಟು ಜನ ನಂಬಿದರೋ ಗೊತ್ತಿಲ್ಲ.

ಈ ಸಲ ಅವರು ಬಂಡೇಳಲಿಲ್ಲ, ಹೊಸ ಪಕ್ಷ ಕಟ್ಟಲಿಲ್ಲ. ಮರುವರ್ಷ ಜುಲೈಯಲ್ಲಿ ಶಿಕಾರಿಪುರಕ್ಕೆ ಹೋಗಿ, ನಾನಿನ್ನು ನಿಲ್ಲುವುದಿಲ್ಲ, ವಿಜಯೇಂದ್ರನನ್ನು ಗೆಲ್ಲಿಸಿ ಎಂದರು. ಸ್ವಲ್ಪ ದಿನದಲ್ಲೇ ಪಕ್ಷದ ಸಂಸದೀಯ ಮಂಡಳಿಯಲ್ಲಿ ಅವರಿಗೆ ಜಾಗ ಸಿಕ್ಕಿತು. 2023ರ ಫೆಬ್ರುವರಿಯಲ್ಲಿ ಸದನದಲ್ಲಿ ವಿದಾಯದ ಭಾಷಣ ಮಾಡಿದರು. ಅದೇ ತಿಂಗಳ 27ರಂದು, ಅವರ 80ನೇ ಹುಟ್ಟುಹಬ್ಬದ ದಿನವೇ, ಪ್ರಧಾನಿ ಬಂದು ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟಿಸಿದರು. ಮೇ ತಿಂಗಳಲ್ಲಿ ಪಕ್ಷ ರಾಜ್ಯದಲ್ಲಿ ನೆಲಕಚ್ಚಿದರೂ ಶಿಕಾರಿಪುರದಲ್ಲಿ ಮಗ ಗೆದ್ದರು, ನವೆಂಬರಿನಲ್ಲಿ ರಾಜ್ಯಾಧ್ಯಕ್ಷರೂ ಆದರು. ದೊಡ್ಡ ಮಗ ಆಗಲೇ ಸಂಸದ. 2011ರ ಯಡಿಯೂರಪ್ಪನವರಿಗಿಂತ 2021ರವರು ದೊಡ್ಡ ತ್ಯಾಗಿ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಮೊದಲ ಸಲ ಅವರ ಪ್ರಶ್ನೆಗೆ ಉತ್ತರ ಇರಲಿಲ್ಲ, ಎರಡನೇ ಸಲ ಇತ್ತು. ಈಶ್ವರಪ್ಪನವರ ಮುನಿಸಿನ ಮೂಲವೂ ಇಲ್ಲೇ ಇದೆ: ಒಂದೇ ಜಿಲ್ಲೆಯ ಇಬ್ಬರು ಹಿರಿಯರು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ದಾರಿ ಬಿಟ್ಟರು, ಒಬ್ಬರ ಮಕ್ಕಳಿಗೆ ಮಾತ್ರ ದಾರಿ ತೆರೆಯಿತು. 2024ರಲ್ಲಿ ಅವರು ಪಕ್ಷೇತರರಾಗಿ ಎದುರಿಸಿದ್ದು ಯಡಿಯೂರಪ್ಪನವರ ದೊಡ್ಡ ಮಗನನ್ನೇ.

ಇಲ್ಲಿ ರಾಜೀನಾಮೆಗೂ ನಿವೃತ್ತಿಗೂ ಇರುವ ಅಂತರವನ್ನು ಮರೆಯಬಾರದು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿ ಮೂರು ಸಲ ರಾಜೀನಾಮೆ ಕೊಟ್ಟರು. 1984ರ ಲೋಕಸಭೆ ಚುನಾವಣೆಯಲ್ಲಿ ಜನತಾ ಪಕ್ಷ ರಾಜ್ಯದಲ್ಲಿ ನಾಲ್ಕೇ ಸ್ಥಾನ ಗೆದ್ದಾಗ ಒಮ್ಮೆ. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ಬಗ್ಗೆ 1986ರಲ್ಲಿ ಹೈಕೋರ್ಟ್ ಚಾಟಿ ಬೀಸಿದಾಗ ಇನ್ನೊಮ್ಮೆ. 1988ರಲ್ಲಿ ಟೆಲಿಫೋನ್ ಕದ್ದಾಲಿಕೆಯ ಗದ್ದಲದಲ್ಲಿ ಮತ್ತೊಮ್ಮೆ. ಮೊದಲನೆಯದು ಅವರನ್ನು ಭರ್ಜರಿ ಬಹುಮತದೊಂದಿಗೆ ವಾಪಸು ತಂದಿತು, ಎರಡನೆಯದನ್ನು ಕೆಲವೇ ದಿನದಲ್ಲಿ ಹಿಂತೆಗೆದುಕೊಂಡರು, ಮೂರನೆಯದು ಮಾತ್ರ ನಿಂತಿತು. ಅದಾಗಿ ಹತ್ತು ವರ್ಷಕ್ಕೆ ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಸಚಿವರಾಗಿದ್ದರು. ಮೌಲ್ಯಾಧಾರಿತ ರಾಜಕಾರಣ ಎಂಬ ಮಾತು ಅವರಿಂದಲೇ ಚಾಲ್ತಿಗೆ ಬಂದದ್ದು ನಿಜ, ಆದರೆ ಆ ರಾಜೀನಾಮೆಗಳು ಆಟದೊಳಗಿನ ನಡೆಗಳು. ನಿವೃತ್ತಿ ಎಂದರೆ ಕಾಯಿಗಳನ್ನು ಡಬ್ಬಿಗೆ ಹಾಕಿ ಏಳುವುದು. ನಮ್ಮಲ್ಲಿ ಹೆಚ್ಚಿನವರು ಡಬ್ಬಿ ತೆಗೆದು ಪಕ್ಕದಲ್ಲಿಟ್ಟುಕೊಂಡು ಆಡುತ್ತಲೇ ಇರುತ್ತಾರೆ. ಇದೇ ನನ್ನ ಕೊನೆಯ ಚುನಾವಣೆ ಎಂದು ಸಿದ್ದರಾಮಯ್ಯ 2018ರಲ್ಲಿ ಹೇಳಿದ್ದರು, 2023ರಲ್ಲಿ ವರುಣದಲ್ಲಿ ಮತ್ತೆ ಹೇಳಿದರು. ಮತದಾರನ ಮನಸ್ಸು ಕರಗಿಸಲು ಇದಕ್ಕಿಂತ ಒಳ್ಳೆಯ ಮಾತಿಲ್ಲ. ಹೇಳಿದವರಿಗೆ ಅದು ಆ ಕ್ಷಣದಲ್ಲಿ ನಿಜವೂ ಇರಬಹುದು.

ಹಾಗಾದರೆ ಮಕ್ಕಳಿಗೆ ಗಂಟು ಕಟ್ಟಿಕೊಡದೆ, ಯಾರ ಫೋನೂ ಬಾರದೆ ಎದ್ದುಹೋದವರೇ ಇಲ್ಲವೇ ಎಂದು ಕೇಳಬಹುದು. ಇದ್ದಾರೆ. ಪಶ್ಚಿಮ ಬಂಗಾಳದ ಜ್ಯೋತಿ ಬಸು 1977ರ ಜೂನ್‌ನಿಂದ 2000ದ ನವೆಂಬರ್‌ವರೆಗೆ, 23 ವರ್ಷ ಮುಖ್ಯಮಂತ್ರಿಯಾಗಿದ್ದವರು. 86ರ ವಯಸ್ಸಿನಲ್ಲಿ, ಆರೋಗ್ಯ ಕೆಟ್ಟಿದೆ ಎಂದು ಬಿಟ್ಟರು. ಸೋತು ಹೋಗಲಿಲ್ಲ, ಚುನಾವಣೆಗೆ ಇನ್ನೂ ಆರು ತಿಂಗಳಿತ್ತು. ಬುದ್ಧದೇವ ಭಟ್ಟಾಚಾರ್ಯ ಅದಾಗಲೇ ಉಪಮುಖ್ಯಮಂತ್ರಿಯಾಗಿ ಕೆಲಸ ಕಲಿಯುತ್ತಿದ್ದರು. ಅವರ ಮುಖ ತೋರಿಸಿಯೇ ಎಡರಂಗ 2001ರಲ್ಲೂ 2006ರಲ್ಲೂ ಗೆದ್ದಿತು. ಬಸು ಅವರಿಗೆ ಹೊರಡುವುದು ಸಾಧ್ಯವಾದದ್ದು ಅವರ ಮನಸ್ಸು ದೊಡ್ಡದಿತ್ತು ಎಂಬುದಕ್ಕಿಂತ ಹೆಚ್ಚಾಗಿ, ಮುಂದಿನವರು ಯಾರು ಎಂದು ನಿರ್ಧರಿಸುವ ತಲೆನೋವು ಅವರೊಬ್ಬರದಾಗಿರಲಿಲ್ಲ ಎಂಬ ಕಾರಣಕ್ಕೆ. ಅವರ ಪಕ್ಷದಲ್ಲಿ ಸಮಿತಿ ಇತ್ತು. ಅದೇ ಸಮಿತಿ 1996ರಲ್ಲಿ ಅವರನ್ನು ಪ್ರಧಾನಿಯಾಗಲು ಬಿಟ್ಟಿರಲಿಲ್ಲ, ಅದನ್ನು ಅವರು ಚಾರಿತ್ರಿಕ ಪ್ರಮಾದ ಎಂದೇ ಕರೆದರು. ಆ ಪ್ರಮಾದದಿಂದಲೇ ಕನ್ನಡಿಗರೊಬ್ಬರು ಪ್ರಧಾನಿಯಾದರು ಎಂಬುದು ಬೇರೆ ಮಾತು. ಬೇಡ ಎನ್ನಬಲ್ಲ ಪಕ್ಷವೇ ಸಾಕು ಎಂದವನನ್ನು ನೆಮ್ಮದಿಯಿಂದ ಕಳಿಸಿಕೊಡಬಲ್ಲದು.

ಕಾಂಗ್ರೆಸ್ಸಿನ ಕಾಮರಾಜರದು ಇನ್ನೊಂದು ಬಗೆ. 1963ರಲ್ಲಿ, ಅಧಿಕಾರದಲ್ಲಿರುವ ಹಿರಿಯರು ಹುದ್ದೆ ಬಿಟ್ಟು ಪಕ್ಷದ ಕೆಲಸಕ್ಕೆ ಇಳಿಯಬೇಕು ಎಂದು ತಾವೇ ಯೋಜನೆ ಮುಂದಿಟ್ಟು, ಒಂಬತ್ತು ವರ್ಷ ಕೂತಿದ್ದ ಮದ್ರಾಸಿನ ಮುಖ್ಯಮಂತ್ರಿ ಕುರ್ಚಿಯನ್ನು ಅಕ್ಟೋಬರ್ 2ರಂದು ಬಿಟ್ಟರು. ಅವರೊಂದಿಗೆ ಇನ್ನೂ ಐವರು ಮುಖ್ಯಮಂತ್ರಿಗಳು, ಶಾಸ್ತ್ರಿ ಮತ್ತು ಮೊರಾರ್ಜಿಯವರೂ ಸೇರಿದಂತೆ ಆರು ಕೇಂದ್ರ ಮಂತ್ರಿಗಳು ಹೋದರು. ನೆಹರೂಗೆ ಬೇಡವಾದವರನ್ನು ಗುಡಿಸಿಹಾಕುವ ಉಪಾಯ ಇದು ಎಂದು ಮೊರಾರ್ಜಿ ಕೊನೆತನಕ ನಂಬಿದ್ದರು. ಶಾಸ್ತ್ರಿ ಕೆಲವೇ ತಿಂಗಳಲ್ಲಿ ಸಂಪುಟಕ್ಕೆ ಮರಳಿದ್ದು, ಮುಂದೆ ಪ್ರಧಾನಿಯಾದದ್ದು ಆ ಅನುಮಾನಕ್ಕೆ ಸಾಕಷ್ಟು ಕಾರಣ ಕೊಟ್ಟಿತು. ಕಾಮರಾಜರು ಕಾಂಗ್ರೆಸ್ ಅಧ್ಯಕ್ಷರಾಗಿ ಇಬ್ಬರು ಪ್ರಧಾನಿಗಳನ್ನು ಮಾಡಿದರು. ಅತ್ತ ಮದ್ರಾಸಿನಲ್ಲಿ, ಅವರು ಬಿಟ್ಟುಬಂದ ಕುರ್ಚಿಯನ್ನು 1967ರಲ್ಲಿ ಡಿಎಂಕೆ ಗೆದ್ದುಕೊಂಡಿತು. ವಿರುದುನಗರದಲ್ಲಿ ಒಬ್ಬ ವಿದ್ಯಾರ್ಥಿ ಮುಖಂಡ ಸ್ವತಃ ಕಾಮರಾಜರನ್ನು ಸೋಲಿಸಿದ. ಅಲ್ಲಿಂದಾಚೆ ಆ ರಾಜ್ಯದಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿ ಆಗಿಯೇ ಇಲ್ಲ. ತ್ಯಾಗ ಮಾಡಿದ್ದಕ್ಕೇ ಸೋತರು ಎನ್ನಲಾಗದು, ಹಿಂದಿ ವಿರೋಧಿ ಚಳವಳಿ, ಅಕ್ಕಿಯ ಅಭಾವ ಎಲ್ಲ ಇದ್ದವು. ಆದರೆ ಅವರ ಜಾಗಕ್ಕೆ ಬಂದವರಿಗೆ ಅವರ ಜನಬಳಕೆ ಇರಲಿಲ್ಲ. ಈ ಕಥೆಯನ್ನು ಬಲ್ಲ ರಾಜಕಾರಣಿಗೆ ಕಾಮರಾಜ್ ಯೋಜನೆ ಸ್ಫೂರ್ತಿಗಿಂತ ಎಚ್ಚರಿಕೆಯಾಗಿಯೇ ನೆನಪಿರುತ್ತದೆ.

ಉತ್ತರಾಧಿಕಾರಿಯ ಚಿಂತೆಯೇ ಇಲ್ಲದೆ ಹೋದವರು ಜನಸಂಘದ ನಾನಾಜಿ ದೇಶಮುಖ್. 1977ರಲ್ಲಿ ಬಲರಾಮ್‌ಪುರದಿಂದ ಗೆದ್ದರು, ಮೊರಾರ್ಜಿ ಸಂಪುಟ ಸೇರಲು ಒಪ್ಪಲಿಲ್ಲ, ಅರವತ್ತು ದಾಟಿದವರು ಅಧಿಕಾರ ರಾಜಕಾರಣ ಬಿಡಬೇಕು ಎಂದು ಹೇಳಿ ತಾವೂ ಬಿಟ್ಟರು. ಗೊಂಡಾದಲ್ಲಿ, ಆಮೇಲೆ ಚಿತ್ರಕೂಟದಲ್ಲಿ ಹಳ್ಳಿಗಳ ಕೆಲಸಕ್ಕೆ ಇಳಿದರು. 1999ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು ಎಂಬುದನ್ನು ಬಿಟ್ಟರೆ ಮಾತಿಗೆ ತಪ್ಪಲಿಲ್ಲ. ಆದರೆ ಅವರಿಗೆ ಅಂಗಳವೇ ಇರಲಿಲ್ಲ: ಸಂಸಾರವಿಲ್ಲ, ಮೂವತ್ತು ವರ್ಷ ಸಾಕಿದ ಕ್ಷೇತ್ರವಿಲ್ಲ, ಹೆಸರಿಗೆ ಜೋತುಬಿದ್ದ ಮುಖಂಡರಿಲ್ಲ. ಸಂಘಟನೆ ಅವರಿಗೆ ಬದುಕಿನ ಮೊದಲ ಕಸುಬು, ಸಂಸತ್ತು ನಡುವೆ ಬಂದ ತಂಗುದಾಣ. ಹೋಗಿ ಸೇರಲು ಇನ್ನೊಂದು ಜಾಗ ಇದ್ದವನಿಗೆ ಎದ್ದು ಹೋಗುವುದು ಸುಲಭ. ನಮ್ಮ ಬಹುತೇಕ ಶಾಸಕರಿಗೆ ಮೂವತ್ತರಿಂದ ಎಪ್ಪತ್ತರವರೆಗೆ ರಾಜಕಾರಣ ಬಿಟ್ಟು ಬೇರೆ ಕೆಲಸವಿಲ್ಲ. ವಕೀಲಿಕೆ ಮಾಡಿದ್ದವರು ಕೋರ್ಟು ಮರೆತಿರುತ್ತಾರೆ, ಜಮೀನಿದ್ದವರು ಅದನ್ನು ಬೇರೆಯವರಿಗೆ ಬಿಟ್ಟು ಎಷ್ಟೋ ಕಾಲವಾಗಿರುತ್ತದೆ. ಕಾದಂಬರಿ ಓದುತ್ತಿದ್ದ, ಟೆನಿಸ್ ನೋಡುತ್ತಿದ್ದ ಎಸ್.ಎಂ. ಕೃಷ್ಣರಂಥವರು ಅಪರೂಪ. ಅಂಗಳ ಖಾಲಿಯಾದ ಬೆಳಗಿನಲ್ಲಿ ಮಾಡುವುದೇನು ಎಂಬ ಭಯ ಪಿಂಚಣಿಯಿಂದ ಹೋಗುವಂಥದ್ದಲ್ಲ.

ಇದನ್ನೆಲ್ಲ ವಾನಪ್ರಸ್ಥ ಎಂದು ಕರೆದು ಶಾಸ್ತ್ರದ ಹೊದಿಕೆ ಹೊದಿಸುವ ಅಭ್ಯಾಸ ನಮ್ಮ ಭಾಷಣಕಾರರಿಗಿದೆ. ಶ್ರವಣಬೆಳಗೊಳಕ್ಕೆ ಬಂದನೆನ್ನುವ ಚಂದ್ರಗುಪ್ತ ಮೌರ್ಯ, ರಾಜ್ಯ ತೊರೆದನೆನ್ನುವ ನೃಪತುಂಗ ಎಲ್ಲರೂ ಸನ್ಮಾನ ಸಮಾರಂಭಗಳಿಗೆ ಬಂದುಹೋಗುತ್ತಾರೆ. ಆದರೆ ಹಳೆಯ ಪದ್ಧತಿಯಲ್ಲೂ ಕಾಡಿಗೆ ಹೋಗುವ ಮೊದಲು ಮಗನಿಗೆ ಪಟ್ಟ ಕಟ್ಟಬೇಕಿತ್ತು. ದಶರಥ ರಾಜ್ಯಭಾರ ಸಾಕು ಎಂದುಕೊಂಡದ್ದು ಯಾರಿಗೂ ತೊಂದರೆ ಕೊಡಲಿಲ್ಲ. ಪಟ್ಟ ಯಾರಿಗೆ ಎಂದು ಹೇಳಿದ ರಾತ್ರಿಯೇ ಮನೆ ಹೊತ್ತಿಕೊಂಡಿತು. ರಾಜರಿಗೆ ಅದು ಧರ್ಮವಿರಬಹುದು. ಪ್ರಜಾಪ್ರಭುತ್ವದಲ್ಲಿ ಪಟ್ಟ ಕಟ್ಟುವ ಹಕ್ಕು ಹೊರಡುವವನದಲ್ಲ, ಆದರೂ ಅವನು ಕಟ್ಟುತ್ತಲೇ ಇದ್ದಾನೆ, ಮತದಾರ ಒಪ್ಪುತ್ತಲೂ ಇದ್ದಾನೆ.

ಹಿರಿಯರಿಗೆ ತಮ್ಮ ನಂತರದವರನ್ನು ಆರಿಸುವ ಕಣ್ಣು ಇರುತ್ತದೆ ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಹೆಗಡೆಯವರ ಸಾಲಿನ ಇನ್ನೊಬ್ಬ ಧುರೀಣ ಎಚ್.ಡಿ. ದೇವೇಗೌಡರು, ಕೃಷ್ಣ ಅವರಂತೆಯೇ 1962ರಲ್ಲಿ ಪಕ್ಷೇತರರಾಗಿ ಸದನಕ್ಕೆ ಬಂದವರು, 2019ರಲ್ಲಿ ತಮ್ಮ ಹಾಸನವನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟರು. ತಾವು 85ರ ವಯಸ್ಸಿನಲ್ಲಿ ತುಮಕೂರಿಗೆ ಹೋಗಿ ನಿಂತು ಸೋತರು, ಸೋಲಿಸಿದ ಜಿ.ಎಸ್. ಬಸವರಾಜು ಅವರೂ ಎಪ್ಪತ್ತೈದು ದಾಟಿದವರೇ. ಮರುವರ್ಷ ಗೌಡರು ಅವಿರೋಧವಾಗಿ ರಾಜ್ಯಸಭೆಗೆ ಹೋದರು. ಬಿಟ್ಟುಕೊಟ್ಟ ಹಾಸನದಲ್ಲಿ ಗೆದ್ದ ಮೊಮ್ಮಗನಿಗೆ 2025ರಲ್ಲಿ ನ್ಯಾಯಾಲಯ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಆರು ದಶಕ ಜನರ ನಾಡಿ ಹಿಡಿದು ನೋಡಿದ ಕೈಗೆ ಮನೆಯವರ ನಾಡಿ ಸಿಗಲಿಲ್ಲ ಎಂದು ಯಾರನ್ನೂ ಹಂಗಿಸಬೇಕಿಲ್ಲ. ಕ್ಷೇತ್ರವನ್ನು ಆಸ್ತಿಯಂತೆ ದಾಟಿಸಿದಾಗ ದಾಟಿಸುವವರ ಕಣ್ಣೊಂದೇ ಪರೀಕ್ಷೆಯಾಗುತ್ತದೆ, ಮಮತೆಯಿರುವ ಕಣ್ಣು ಪರೀಕ್ಷೆಗೆ ಬಾರದು.

ಹಾಗಾದರೆ ಮನೆಯ ಹೊರಗಿನವರು ಯಾಕೆ ಸಿಗುವುದಿಲ್ಲ? ಇದಕ್ಕೆ ಹಿರಿಯರ ಸ್ವಾರ್ಥವೊಂದನ್ನೇ ದೂರಿ ಕೈತೊಳೆದುಕೊಳ್ಳಲು ಆಗದು. ಯಡಿಯೂರಪ್ಪ ಶಿಕಾರಿಪುರದ ಪುರಸಭೆಯಿಂದ ಬಂದವರು. ಸಿದ್ದರಾಮಯ್ಯ ಮೈಸೂರು ತಾಲ್ಲೂಕು ಅಭಿವೃದ್ಧಿ ಮಂಡಳಿಯಿಂದ. ಹೆಗಡೆ ಸಂಪುಟದಲ್ಲಿದ್ದ ಅಬ್ದುಲ್ ನಜೀರ್ ಸಾಬ್ ತಂದ ಕಾಯ್ದೆಯ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಇಡೀ ಒಂದು ತಲೆಮಾರು ಹಳ್ಳಿಯಿಂದ ಮೇಲೆದ್ದು ಬಂತು. ಬೈಗುಳ ತಿನ್ನುವುದು, ಬಜೆಟ್ ಓದುವುದು, ಎದುರಾಳಿಯ ಜತೆ ಚಹಾ ಕುಡಿಯುವುದು, ಸೋತು ಮನೆಗೆ ಹೋಗುವುದು ಎಲ್ಲ ಅಲ್ಲೇ ಕಲಿತದ್ದು. ಈಗ ಆ ಏಣಿಯ ಕೆಳಗಿನ ಮೆಟ್ಟಿಲುಗಳೇ ಇಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಎಂದು ವರ್ಷಗಟ್ಟಲೆ ಮುಂದೂಡುತ್ತ ಬಂದರು. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಆಮೇಲೆ ಅಲ್ಲೂ ಅಧಿಕಾರಿಗಳ ಆಡಳಿತ ಬಂತು. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ದಶಕಗಳಾದವು. ಆಡಳಿತದಲ್ಲಿ ಯಾವ ಪಕ್ಷವಿದ್ದರೂ ಶಾಸಕರು ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಯಾಕೆಂದರೆ ಜಿಲ್ಲಾ ಪಂಚಾಯಿತಿಯ ಚುರುಕಾದ ಸದಸ್ಯನೇ ಮುಂದಿನ ಚುನಾವಣೆಗೆ ಬಿ ಫಾರಂ ಕೇಳುವವನು.

ಹೀಗೆ ಕೆಳಗಿನಿಂದ ಬರುವವರ ದಾರಿ ಮುಚ್ಚಿದ ಮೇಲೆ, ಎಪ್ಪತ್ತೈದು ದಾಟಿದ ನಾಯಕ ಸುತ್ತ ಕಣ್ಣಾಡಿಸಿದಾಗ ಕಾಣುವವರು ಇಬ್ಬರೇ. ಒಬ್ಬ, ಇಪ್ಪತ್ತು ವರ್ಷ ಜತೆಗಿದ್ದು ಯಾವ ಚುನಾವಣೆಯನ್ನೂ ಸ್ವಂತ ಹೆಸರಿನಲ್ಲಿ ಎದುರಿಸದ ಆಪ್ತ. ಇನ್ನೊಬ್ಬ, ಅದೇ ಇಪ್ಪತ್ತು ವರ್ಷ ಅಪ್ಪನ ಪ್ರಚಾರದ ಖರ್ಚುವೆಚ್ಚ ನೋಡಿಕೊಂಡ ಮಗ. ಮೊದಲನೆಯವನಿಗೆ ಕೊಟ್ಟರೆ ಅಂಗಳದ ಉಳಿದವರು ಒಪ್ಪುವುದಿಲ್ಲ, ಅವನಿಗೇನು ಕೋಡು ಇದೆಯೇ ಎನ್ನುತ್ತಾರೆ. ಮಗನಿಗೆ ಕೊಟ್ಟರೆ ಯಾರೂ ಎದುರಾಡುವುದಿಲ್ಲ, ಹೆಸರು ಒಂದೇ, ಮನೆ ಒಂದೇ, ಬೆಳಗಿನ ಏಳೂವರೆಗೆ ಬಂದು ನಿಲ್ಲುವ ಗೇಟೂ ಒಂದೇ. ಮಗ ಇನ್ನೂ ಪಳಗಿಲ್ಲ ಎನ್ನಿಸಿದರೆ ಮುದುಕ ಇನ್ನೊಂದು ಅವಧಿಗೆ ಅರ್ಜಿ ಹಾಕುತ್ತಾನೆ, ಇದೇ ಕೊನೆಯದು ಎಂದು ಹೇಳಿ.